ಹೆಸರು ಹಿಡಿದು ಕರೆಯುವ ದೇವರು

ಧ್ಯಾನಕ್ಕೆ: ಯೊವಾನ್ನ 9:1-12, ಲೂಕ 15:11-32, ಯೊವಾನ್ನ 20:11-18



ಈ ವಾರದ ಚಿಂತನೆಯನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಒಬ್ಬ ಅಜ್ಜಿ ಇದ್ದರು. ದೇವಾಲಯದ ಗೇಟಿನ ಬಳಿ ಕಲ್ಲುಬೆಂಚಿನ ಮೇಲೆ ಕುಳಿತು ಮೇಣದ ಬತ್ತಿ, ಸೇವಂತಿಗೆ ಹೂವು ಮಾರುತ್ತಿದ್ದರು. ಬಲಗಾಲು ಊನವಾಗಿತ್ತು. ಬಿದಿರು ಕೋಲು ಊರಿಕೊಂಡು ನಡೆಯುತ್ತಿದ್ದರು. ಊರಿಗೆ ಊರೇ ಅವರನ್ನು ‘ಕುಂಟಜ್ಜಿ’ ಎನ್ನುತ್ತಿತ್ತು. ಹಾಗೆ ಕರೆಯುವವರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ‘ಕುಂಟಜ್ಜಿ ಹತ್ತಿರ ಎರಡು ಬತ್ತಿ ತಗೊಂಡು ಬಾ’ ಎಂದು ತಾಯಂದಿರು ಮಕ್ಕಳ ಕೈಗೆ ಕಾಸು ಕೊಡುತ್ತಿದ್ದರು. ನಾನೂ ಹಾಗೆಯೇ ಕರೆದೆ. ಒಂದು ದಿನವಲ್ಲ, ಎರಡು ದಿನವಲ್ಲ, ಆರು ವರ್ಷ. ಪ್ರತಿದಿನ ಬೆಳಗಿನ ಪೂಜೆಗೆ ಮೊದಲು ಅವರು ‘ಸ್ತೋತ್ರ ಸ್ವಾಮಿ’ ಎಂದು ಕೈಮುಗಿಯುತ್ತಿದ್ದರು. ನಾನು ಆಶೀರ್ವಾದ ಮಾಡಿ ಒಳಗೆ ಹೋಗುತ್ತಿದ್ದೆ.

ಒಂದು ಮಳೆಗಾಲದ ರಾತ್ರಿ ಆ ಅಜ್ಜಿ ತೀರಿಕೊಂಡರು. ಮರುದಿನ ಮರಣದ ಪೂಜೆಗೆ ಸಿದ್ಧನಾಗುತ್ತಾ ಪೂಜಾಗ್ರಂಥವನ್ನು ತೆರೆದೆ. ಮೃತರಿಗಾಗಿ ಮಾಡುವ ಪ್ರಾರ್ಥನೆಯಲ್ಲಿ ಒಂದು ಜಾಗ ಖಾಲಿ ಇರುತ್ತದೆ. ಅಲ್ಲಿ ಗುರುವು ಮೃತರ ಹೆಸರನ್ನು ಹೇಳಬೇಕು. ನನ್ನ ಬೆರಳು ಅಲ್ಲಿಯೇ ನಿಂತಿತು. ಉಪದೇಶಿಯವರನ್ನು ಕರೆದು ‘ಅಜ್ಜಿಯ ಹೆಸರೇನು?’ ಎಂದು ಕೇಳಿದೆ. ‘ಕುಂಟಜ್ಜಿ ಅಂತ, ಸ್ವಾಮಿ’ ಎಂದು ಹೇಳಿ, ತಾವು ಹೇಳಿದ್ದನ್ನು ತಾವೇ ಕೇಳಿಸಿಕೊಂಡು ಅವರು ಸುಮ್ಮನಾದರು. ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ. ದೂರದಿಂದ ಬಂದಿದ್ದ ತಂಗಿಯ ಮಗ ‘ನಾವು ದೊಡ್ಡಮ್ಮ ಅಂತಲೇ ಕರೀತಿದ್ದೆವು’ ಎಂದ. ಕಡೆಗೆ ನಾನು ಕಚೇರಿಯ ಬೀರು ತೆಗೆದು ಹಳೆಯ ವಿವಾಹದ ದಾಖಲೆ ಪುಸ್ತಕ, ಅದರಿಂದ ಜ್ಞಾನಸ್ನಾನದ ದಾಖಲೆ ಪುಸ್ತಕ ಎರಡನ್ನೂ ತಿರುವಿ ಹಾಕಿದೆ. ಹೊರಗೆ ಶವಪೆಟ್ಟಿಗೆ ಕಾಯುತ್ತಿತ್ತು. ಮುಕ್ಕಾಲು ಗಂಟೆಯ ನಂತರ, ಬಣ್ಣ ಮಾಸಿದ ಶಾಯಿಯಲ್ಲಿ ಆ ಹೆಸರು ಸಿಕ್ಕಿತು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರದು, ನನ್ನ ಲೇಖನಕ್ಕೆ ಉದಾಹರಣೆಯಾಗಲು ಇಟ್ಟ ಹೆಸರಲ್ಲ. ದೇವರಿಗೆ ಅದು ಗೊತ್ತು, ಆ ಊರಿನ ಜನರಿಗೂ ಈಗ ಗೊತ್ತು. ಆದರೆ ಆರು ವರ್ಷ ಅವರ ಕೈಮುಗಿತವನ್ನು ಸ್ವೀಕರಿಸಿದ ಗುರುವಿಗೆ ಅದು ಗೊತ್ತಿರಲಿಲ್ಲವಲ್ಲ ಎಂಬ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಮೂರು ಬಗೆಯ ಹೆಸರುಗಳು

ನಾವೆಲ್ಲರೂ ಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿತವರೇ. ವಸ್ತುಗಳನ್ನು ಸೂಚಿಸುವ ನಾಮಪದಗಳು ಮೂರು ಬಗೆ ಎಂದು ಮೇಷ್ಟ್ರು ಹೇಳಿಕೊಟ್ಟದ್ದು ನೆನಪಿರಬಹುದು. ಮೊದಲನೆಯದು ರೂಢನಾಮ: ಮನುಷ್ಯ, ಊರು, ನದಿ, ಮರ. ಒಂದು ಜಾತಿಯ ಎಲ್ಲಕ್ಕೂ ರೂಢಿಯಿಂದ ಬಂದ ಹೆಸರಿದು. ಎರಡನೆಯದು ಅಂಕಿತನಾಮ. ಇಂಥವರೇ, ಇದೇ ಎಂದು ಗುರುತಿಸಲು ಇಟ್ಟ ಹೆಸರು: ಮೈಸೂರು, ಕಾವೇರಿ, ಮರಿಯಮ್ಮ, ಅಂತೋಣಿ. ಮೂರನೆಯದು ಅನ್ವರ್ಥನಾಮ. ರೂಪ, ಗುಣ, ವೃತ್ತಿ, ಸ್ಥಿತಿಗಳನ್ನು ನೋಡಿ, ಅರ್ಥಕ್ಕೆ ಅನುಗುಣವಾಗಿ ಕರೆಯುವ ಹೆಸರು. ಇದಕ್ಕೆ ನಾವು ಬಾಯಿಪಾಠ ಮಾಡಿದ ಉದಾಹರಣೆಗಳು ಯಾವುವು? ಕುಂಟ, ಕುರುಡ, ಕಿವುಡ, ರೋಗಿ, ವ್ಯಾಪಾರಿ, ಪಂಡಿತ!

ಪರೀಕ್ಷೆಗೆ ಓದಿ ಮರೆತ ಈ ಪಾಠದಲ್ಲಿ ಒಂದು ದೊಡ್ಡ ಸತ್ಯ ಅಡಗಿದೆ. ಅನ್ವರ್ಥನಾಮ ವರ್ಣಿಸುತ್ತದೆ, ಅಂಕಿತನಾಮ ಗುರುತಿಸುತ್ತದೆ. ‘ರೋಗಿ’ ಎಂಬ ಪದ ಆಸ್ಪತ್ರೆಯಲ್ಲಿರುವ ನೂರು ಮಂದಿಗೂ ಒಪ್ಪುತ್ತದೆ. ಹೆಸರು ಹಿಡಿದು ಕರೆದರೆ ಮಾತ್ರ ಒಬ್ಬರು ತಿರುಗಿ ನೋಡುತ್ತಾರೆ. ರೋಗ ವಾಸಿಯಾದರೆ ‘ರೋಗಿ’ ಎಂಬ ಪದ ಬಿದ್ದುಹೋಗುತ್ತದೆ. ಅಂಗಡಿ ಮುಚ್ಚಿದರೆ ‘ವ್ಯಾಪಾರಿ’ ಎಂಬುದೂ ಅಷ್ಟೆ. ಹೆಸರು ಮಾತ್ರ ಉಳಿಯುತ್ತದೆ. ಅನ್ವರ್ಥನಾಮ ಕೆಟ್ಟದ್ದೇನಲ್ಲ. ಅದಿಲ್ಲದೆ ದಿನದ ವ್ಯವಹಾರ ಸಾಗದು. ಆದರೆ ಅದು ಅಂಕಿತನಾಮದ ಜಾಗಕ್ಕೆ ಬಂದು ಕುಳಿತಾಗ ಒಬ್ಬ ಮನುಷ್ಯನನ್ನು ನಾವು ಕಳೆದುಕೊಳ್ಳುತ್ತೇವೆ. ಈ ದಿನ ನಾನು ಹೇಳಬೇಕೆಂದಿರುವುದು ಇಷ್ಟೇ.

ಹೆಸರಿಡುವ ಶಕ್ತಿ ದೇವರು ನಮಗೆ ಒಪ್ಪಿಸಿದ ಶಕ್ತಿ. ಆದಿಕಾಂಡದ ಎರಡನೆಯ ಅಧ್ಯಾಯವನ್ನು ನೋಡಿ. ದೇವರು ಪ್ರಾಣಿಪಕ್ಷಿಗಳನ್ನು ಮಾನವನ ಬಳಿಗೆ ತಂದು, ಅವನು ಅವುಗಳನ್ನು ಏನೆಂದು ಕರೆಯುವನೋ ಎಂದು ಕಾದು ನೋಡುತ್ತಾರೆ. ಸೃಷ್ಟಿಕರ್ತರು ತಮ್ಮ ಕೆಲಸದಲ್ಲಿ ಮಾನವನಿಗೆ ಕೊಟ್ಟ ಮೊದಲ ಪಾಲುಗಳಲ್ಲಿ ಇದೂ ಒಂದು. ಅಲ್ಲಿ ಇನ್ನೊಂದು ಸ್ವಾರಸ್ಯವಿದೆ. ‘ಆದಾಮ್’ ಎಂಬ ಹೀಬ್ರೂ ಪದ ಮೂಲದಲ್ಲಿ ರೂಢನಾಮ, ಅದರ ಅರ್ಥ ‘ಮನುಷ್ಯ’. ‘ಅದಾಮಾ’ ಎಂದರೆ ಮಣ್ಣು. ಯಾರನ್ನೇ ಆಗಲಿ ಕುಂಟ, ಕುರುಡ, ಕಳ್ಳ, ಕುಡುಕ ಎನ್ನುವ ಮೊದಲೇ ಆತ ಮನುಷ್ಯ. ನನ್ನಂತೆ ಮಣ್ಣಿನಿಂದಾದವನು, ನನ್ನಂತೆ ದೇವರ ರೂಪ ಹೊತ್ತವನು.

ಗುರುತು ಸಿಗದ ನೆರೆಯವರು

ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬ ಬರುತ್ತಾನೆ. ಯೇಸುಸ್ವಾಮಿ ದಾರಿಯಲ್ಲಿ ಹೋಗುವಾಗ ಅವನನ್ನು ನೋಡುತ್ತಾರೆ. ಶಿಷ್ಯರೂ ನೋಡುತ್ತಾರೆ. ಆದರೆ ಶಿಷ್ಯರಿಗೆ ಅಲ್ಲಿ ಮನುಷ್ಯ ಕಾಣುವುದಿಲ್ಲ, ಒಂದು ಪ್ರಶ್ನೆ ಕಾಣುತ್ತದೆ. ಪಾಪ ಮಾಡಿದವನು ಇವನೋ, ಇವನ ತಂದೆತಾಯಿಯೋ? ಅವನ ಎದುರಿಗೇ ಅವನ ಮೇಲೆ ಚರ್ಚೆ! ಪ್ರಭು ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಮಣ್ಣು ಕಲಸಿ, ಅವನ ಕಣ್ಣಿಗೆ ಹಚ್ಚುತ್ತಾರೆ.

ಅವನು ಸಿಲೊವಾಮ್ ಕೊಳದಲ್ಲಿ ತೊಳೆದುಕೊಂಡು ಕಣ್ಣುಳ್ಳವನಾಗಿ ಬಂದಾಗ ಏನಾಯಿತು? ಅವನ ನೆರೆಹೊರೆಯವರಿಗೇ ಅವನ ಗುರುತು ಸಿಗಲಿಲ್ಲ. ಕೆಲವರು ಇವನೇ ಎಂದರು, ಕೆಲವರು ಇವನಲ್ಲ, ಇವನ ಹಾಗೆ ಕಾಣುವ ಬೇರೊಬ್ಬ ಎಂದರು. ಕೊನೆಗೆ ಅವನೇ ಬಾಯಿಬಿಟ್ಟು ನಾನೇ ಎಂದು ಹೇಳಬೇಕಾಯಿತು. ಇದೇಕೆ ಹೀಗೆ? ಮೂಗು, ಬಾಯಿ, ಎತ್ತರ, ಧ್ವನಿ ಏನೂ ಬದಲಾಗಿರಲಿಲ್ಲ. ಆದರೆ ಇಷ್ಟು ವರ್ಷ ಅವರು ನೋಡಿದ್ದು ಅವನ ಮುಖವನ್ನಲ್ಲ, ಅವನ ಕುರುಡನ್ನು, ಅವನ ಚಾಚಿದ ಕೈಯನ್ನು. ‘ಭಿಕ್ಷೆ ಬೇಡುವ ಕುರುಡ’ ಎಂಬ ವರ್ಣನೆಯನ್ನು ತೆಗೆದುಬಿಟ್ಟಾಗ ಅವರ ಬಳಿ ಅವನನ್ನು ಗುರುತಿಸಲು ಬೇರೇನೂ ಉಳಿಯಲಿಲ್ಲ. ಕಣ್ಣಿಲ್ಲದವನು ಅವನು, ಆದರೆ ನೋಡದವರು ಅವರು.

ವರ್ಣನೆಯ ಅಪಾಯ ಇಲ್ಲಿಯೇ ಇದೆ. ಅದು ಸುಳ್ಳಾಗಿರಬೇಕಾಗಿಲ್ಲ. ಆ ಮನುಷ್ಯ ನಿಜವಾಗಿಯೂ ಕುರುಡನಾಗಿದ್ದ. ನಮ್ಮ ಅಜ್ಜಿಯ ಕಾಲೂ ನಿಜವಾಗಿ ಊನವಾಗಿತ್ತು. ನಿಜವಾದ ಒಂದು ಮಾತು ಸಿಕ್ಕಿದೊಡನೆ ನಾವು ಕೇಳುವುದನ್ನು ನಿಲ್ಲಿಸಿಬಿಡುತ್ತೇವೆ. ಇನ್ನು ತಿಳಿಯಲು ಏನೂ ಇಲ್ಲ ಎಂದುಕೊಳ್ಳುತ್ತೇವೆ.

ಅಜ್ಜಿಯ ಸಮಾಧಿಯ ಬಳಿ ಅಂದು ಒಬ್ಬ ಮುದುಕ ಮೇಸ್ತ್ರಿ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: ‘ಸ್ವಾಮಿ, ಆಕೆ ಹುಟ್ಟಿನಿಂದ ಕುಂಟಿ ಅಲ್ಲ. ನಮ್ಮ ದೇವಾಲಯದ ಮುಂದಿನ ಗೋಡೆ ಎಬ್ಬಿಸುವಾಗ ಗಾರೆ ಹೊರುತ್ತಿದ್ದಳು. ಸಾರುವೆ ಕುಸಿದು ಬಿದ್ದಳು. ನಾನು ಅಲ್ಲೇ ಇದ್ದೆ.’ ನಾನು ತಿರುಗಿ ನೋಡಿದೆ. ಪ್ರತಿ ಭಾನುವಾರ ನಾನು ಯಾವ ಬಾಗಿಲಿನಿಂದ ಮೆರವಣಿಗೆಯಲ್ಲಿ ಒಳಗೆ ಬರುತ್ತಿದ್ದೆನೋ ಅದೇ ಗೋಡೆ. ಆಕೆಯ ಕಾಲನ್ನು ಹೆಸರಾಗಿ ಮಾಡಿಕೊಂಡ ನಾವು, ಆ ಕಾಲು ಯಾರಿಗಾಗಿ ಮುರಿಯಿತೆಂದು ಒಮ್ಮೆಯೂ ಕೇಳಿರಲಿಲ್ಲ.

ಪ್ರಭು ಕರೆದ ಬಗೆ

ಯೇಸುಸ್ವಾಮಿ ಹೇಗೆ ಕರೆದರು, ಗಮನಿಸೋಣ. ಜೆರಿಕೋ ಊರಿನ ದಾರಿಯಲ್ಲಿ ಕುರುಡನೊಬ್ಬ ಕೂಗಿಕೊಂಡ ಘಟನೆಯನ್ನು ಮತ್ತಾಯ, ಲೂಕ ಇಬ್ಬರೂ ಬರೆದಿದ್ದಾರೆ. ಅವರು ಹೆಸರು ಕೊಡುವುದಿಲ್ಲ, ಮತ್ತಾಯರಲ್ಲಿ ಇಬ್ಬರು ಕುರುಡರೇ ಇದ್ದಾರೆ. ಮಾರ್ಕ ಮಾತ್ರ ಅವನ ಹೆಸರನ್ನು ಉಳಿಸಿದ್ದಾರೆ: ಬಾರ್ತಿಮಾಯ, ಅಂದರೆ ತಿಮಾಯನ ಮಗ. ಅವನಿಗೆ ಒಬ್ಬ ತಂದೆ ಇದ್ದ, ಒಂದು ಮನೆ ಇತ್ತು ಎಂದು ಆ ಹೆಸರು ಸಾರುತ್ತದೆ. ಜನರು ಸುಮ್ಮನಿರೆಂದು ಅವನನ್ನು ಗದರಿಸಿದರು. ಪ್ರಭು ನಿಂತು ಅವನನ್ನು ಕರೆಸಿದರು. ಬಂದವನನ್ನು ಕೇಳಿದ ಪ್ರಶ್ನೆ ಏನು? ತಾವು ಅವನಿಗೆ ಏನು ಮಾಡಬೇಕೆಂದು ಅವನು ಬಯಸುತ್ತಾನೆ ಎಂಬುದು! ಕುರುಡನಿಗೆ ಏನು ಬೇಕೆಂದು ಕೇಳಬೇಕೇ? ಪ್ರಭು ಕೇಳಿದರು. ಅವನ ಮೇಲೆ ಅಂಟಿದ್ದ ಚೀಟಿಯನ್ನು ಓದಿ ತೀರ್ಮಾನಿಸದೆ, ಅವನ ಬಾಯಿಂದಲೇ ಕೇಳಿದರು.

ಅದೇ ಜೆರಿಕೋವಿನಲ್ಲಿ ಜಕ್ಕಾಯ. ಸುಂಕ ವಸೂಲಿ ಮಾಡುವವರ ಮುಖ್ಯಸ್ಥ. ಜನರು ಅವನಿಗೆ ಇಟ್ಟ ಹೆಸರು ‘ಪಾಪಿ’. ಆದರೆ ಜಕ್ಕಾಯ ಎಂಬ ಅವನ ಅಂಕಿತನಾಮದ ಅರ್ಥವೇನು ಗೊತ್ತೇ? ಹೀಬ್ರೂ ಮೂಲದಲ್ಲಿ ‘ಶುದ್ಧ’, ‘ನಿರ್ದೋಷಿ’. ಊರೆಲ್ಲ ಆ ಹೆಸರನ್ನು ಕೇಳಿ ನಕ್ಕಿರಬೇಕು. ಪ್ರಭು ಮರದ ಕೆಳಗೆ ನಿಂತು, ತಲೆ ಎತ್ತಿ, ಅದೇ ಹೆಸರು ಹಿಡಿದು ಕರೆದರು. ಅವನು ಇಳಿದು ಬಂದ. ಅಂದೇ ಅವನ ಮನೆಯಲ್ಲಿ ಬಡವರ ಪಾಲು ಲೆಕ್ಕವಾಯಿತು. ಹೆಸರು ಅರ್ಥಪೂರ್ಣವಾಗಲು ಒಬ್ಬರು ಅದನ್ನು ನಂಬಿ ಕರೆಯಬೇಕಾಗಿತ್ತು.

ಪ್ರಭು ಹೇಳಿದ ಸಾಮತಿಗಳಲ್ಲಿ ಬಿತ್ತುವವನು, ಕುರುಬ, ವಿಧವೆ, ನ್ಯಾಯಾಧೀಶ ಎಂದು ಎಲ್ಲರೂ ಅನ್ವರ್ಥನಾಮಗಳಲ್ಲೇ ಬರುತ್ತಾರೆ. ಸ್ವಂತ ಹೆಸರಿರುವ ಪಾತ್ರ ಒಂದೇ ಒಂದು. ಅದು ಐಶ್ವರ್ಯವಂತನ ಬಾಗಿಲಲ್ಲಿ ಹುಣ್ಣು ತುಂಬಿ ಬಿದ್ದಿದ್ದ ಲಾಜರ (ಲೂಕ 16:19-31). ಲೋಕದಲ್ಲಿ ಹೆಸರಿರುವುದು ಹಣವಂತರಿಗೆ, ಬಡವರು ‘ಬಾಗಿಲಲ್ಲಿ ಬಿದ್ದವರು’ ಮಾತ್ರ. ಪ್ರಭು ಅದನ್ನು ತಿರುಗಿಸಿಬಿಟ್ಟರು. ಅವರ ಕಥೆಯಲ್ಲಿ ಹಣವಂತ ಬರೀ ‘ಹಣವಂತ’. ಹೆಸರಿರುವುದು ಭಿಕ್ಷುಕನಿಗೆ. ಅದರ ಅರ್ಥ: ದೇವರೇ ಸಹಾಯ.

ನಮ್ಮ ಹಿರಿಯರ ಹೆಸರುಗಳು

ನಮ್ಮ ಹಳ್ಳಿಗಳ ಹಳೆಯ ಧರ್ಮಕೇಂದ್ರಗಳಲ್ಲಿ ಈಗಲೂ ರಾಯಪ್ಪ, ಚಿನ್ನಪ್ಪ, ಅರುಳಪ್ಪ ಎಂಬ ಹಿರಿಯರು ಸಿಗುತ್ತಾರೆ. ಇಂದಿನ ಯುವಕರಿಗೆ ಈ ಹೆಸರುಗಳೆಂದರೆ ಸಂಕೋಚ. ಆದರೆ ಅವುಗಳನ್ನು ಬಿಡಿಸಿ ನೋಡಿ. ರಾಯಪ್ಪ ಎಂದರೆ ಕನ್ನಡದ ಕಿವಿಗೆ ‘ರಾಯ’, ಅರಸು. ಆದರೆ ಅದು ಪೇತ್ರರ ಹೆಸರು. ತೆಲುಗಿನಲ್ಲಿ ‘ರಾಯಿ’ ಎಂದರೆ ಕಲ್ಲು, ಬಂಡೆ. ಚಿನ್ನಪ್ಪ ಎಂದರೆ ನಮಗೆ ಬಂಗಾರ. ತಮಿಳಿನಲ್ಲಿ ‘ಚಿನ್ನ’ ಎಂದರೆ ಚಿಕ್ಕದು. ಲತೀನಿನ ‘ಪೌಲುಸ್’ ಎಂಬುದಕ್ಕೂ ಅದೇ ಅರ್ಥ. ಹೀಗೆ ಚಿನ್ನಪ್ಪ ಸಂತ ಪೌಲರು. ‘ಅರುಳ್’ ಎಂದರೆ ಕೃಪೆ. ಯೊವಾನ್ನ ಎಂಬ ಹೀಬ್ರೂ ಹೆಸರಿನ ಅರ್ಥ ದೇವರು ಕೃಪೆ ತೋರಿದ್ದಾರೆ ಎಂದು. ಹೊಲ ಉಳುವ, ಕಲ್ಲು ಒಡೆಯುವ ಬಡವರಿಗೆ ನಮ್ಮ ಪೂರ್ವಿಕರು ಪ್ರೇಷಿತರ ಹೆಸರುಗಳನ್ನು ಅವರ ನಾಲಿಗೆಗೆ ಹೊಂದುವಂತೆ ಮಾಡಿ ಕೊಟ್ಟರು. ಜಮೀನ್ದಾರನ ಅಂಗಳದಲ್ಲಿ ‘ಏ’, ‘ಲೇ’ ಎಂದು ಕರೆಸಿಕೊಳ್ಳುತ್ತಿದ್ದವನು ದೇವಾಲಯದ ಪುಸ್ತಕದಲ್ಲಿ ಬಂಡೆಯಾಗಿ ಪೇತ್ರರ ಹೆಸರು ಹೊತ್ತ. ಇದೇನು ಸಣ್ಣ ಕೆಲಸವೇ?

ಮಗುವಿನ ಜ್ಞಾನಸ್ನಾನದ ದಿನ ಗುರುವು ಬಾಗಿಲಲ್ಲಿ ತಂದೆತಾಯಿಗೆ ಕೇಳುವ ಮೊದಲ ಪ್ರಶ್ನೆಯೇ ಮಗುವಿನ ಹೆಸರು. ನೀರು, ತೈಲ, ಬಿಳಿವಸ್ತ್ರ, ದೀಪ ಎಲ್ಲವೂ ಅದರ ನಂತರ. ಕ್ರೈಸ್ತ ಭಾವನೆಗೆ ಹೊರತಾದ ಹೆಸರನ್ನು ಇಡದಂತೆ ತಂದೆತಾಯಿ, ಜ್ಞಾನ ತಂದೆತಾಯಿ ಹಾಗೂ ಗುರುವು ಎಚ್ಚರ ವಹಿಸಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ಹೇಳುತ್ತದೆ (855). ದೇವರು ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುವುದರಿಂದ ಪ್ರತಿಯೊಬ್ಬರ ಹೆಸರೂ ಪವಿತ್ರವೆಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥ ಬೋಧಿಸುತ್ತದೆ (2158). ನೆನಪಿಡಿ, ಅಂಕಿತ ಎಂದರೆ ಗುರುತು, ಮುದ್ರೆ. ಜ್ಞಾನಸ್ನಾನವು ಆತ್ಮದ ಮೇಲೆ ಅಳಿಸಲಾಗದ ಮುದ್ರೆಯನ್ನು ಒತ್ತುತ್ತದೆ ಎಂಬುದು ನಮ್ಮ ವಿಶ್ವಾಸ. ದೇವರು ಹಾಕಿದ ಆ ಅಂಕಿತದ ಮೇಲೆ ನಾವು ನಮ್ಮ ಅನ್ವರ್ಥನಾಮದ ಚೀಟಿಯನ್ನು ಅಂಟಿಸುವುದೇ?

ದಾಖಲೆ ಪುಸ್ತಕದಲ್ಲಿ ಹೆಸರಿಗೆ, ತಂದೆತಾಯಿಗೆ, ಜ್ಞಾನ ತಂದೆತಾಯಿಗೆ, ದಿನಾಂಕಕ್ಕೆ ಅಂಕಣಗಳಿವೆ. ‘ಕುಂಟಿ’ ಎಂದು ಬರೆಯಲು ಅಂಕಣವಿಲ್ಲ.

ಕಳ್ಳನನ್ನು ಕಳ್ಳ ಎನ್ನಬಾರದೇ?

‘ಸ್ವಾಮಿ, ಇದೆಲ್ಲ ಸರಿ. ಆದರೆ ಕಳ್ಳನನ್ನು ಕಳ್ಳ ಎನ್ನಬಾರದೇ? ಪಾಪವನ್ನು ಪಾಪ ಎನ್ನುವುದೂ ತಪ್ಪೇ?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರಭುವೇ ಫರಿಸಾಯರನ್ನು ಕಪಟಿಗಳೆಂದು ಕರೆದರು, ಹೆರೋದನನ್ನು ನರಿ ಎಂದರು. ಆದರೆ ಅವರು ಆ ಕಟುವಾದ ಮಾತನ್ನು ಆಡಿದ್ದು ಬಿದ್ದವರ ಮೇಲಲ್ಲ, ಬಿದ್ದವರಿಗೆ ಬಾಗಿಲು ಮುಚ್ಚಿದ ಬಲವಂತರ ಮೇಲೆ. ಅದೂ ಎಚ್ಚರಿಸುವುದಕ್ಕಾಗಿ. ಅದೇ ಫರಿಸಾಯರ ಮನೆಯಲ್ಲಿ ಊಟಕ್ಕೂ ಕುಳಿತರು. ರಾತ್ರಿ ಬಂದ ಫರಿಸಾಯ ನಿಕೊದೇಮನಿಗೆ ಬಾಗಿಲು ತೆರೆದೇ ಇತ್ತು. ಸಹೋದರನನ್ನು ಹೀನವಾಗಿ ‘ರಕಾ’ ಎಂದು ಜರೆಯುವುದರ ಬಗ್ಗೆ ಬೆಟ್ಟದ ಮೇಲಿನ ಪ್ರಬೋಧನೆಯಲ್ಲಿ ಅವರು ಕೊಟ್ಟ ಎಚ್ಚರಿಕೆ ಎಷ್ಟು ಕಠಿಣವೆಂಬುದನ್ನು ಓದಿ ನೋಡಿ (ಮತ್ತಾಯ 5:22).

ಇಲ್ಲಿ ಮತ್ತೆ ವ್ಯಾಕರಣ ನಮಗೆ ನೆರವಾಗುತ್ತದೆ. ಕ್ರಿಯಾಪದಕ್ಕೆ ಕಾಲವಿದೆ. ‘ಕದ್ದನು’ ಎಂದರೆ ಭೂತಕಾಲ. ಮುಗಿದದ್ದು, ಪಶ್ಚಾತ್ತಾಪ ಪಡಬಹುದಾದದ್ದು, ಹಿಂದಿರುಗಿಸಬಹುದಾದದ್ದು. ‘ಕಳ್ಳ’ ಎಂಬ ನಾಮಪದಕ್ಕೆ ಕಾಲವಿಲ್ಲ. ನಿನ್ನೆಯೂ ಕಳ್ಳ, ಇಂದೂ ಕಳ್ಳ, ಮಗ ಹುಟ್ಟಿದರೆ ಅವನು ಕಳ್ಳನ ಮಗ. ಪಾಪನಿವೇದನೆಯಲ್ಲಿ ನಾವು ಏನು ಮಾಡುತ್ತೇವೆ? ನಾನು ಸುಳ್ಳು ಹೇಳಿದೆ, ಕೈ ಎತ್ತಿದೆ, ಕದ್ದೆ ಎಂದು ಕ್ರಿಯಾಪದಗಳನ್ನು ದೇವರ ಮುಂದೆ ಇಡುತ್ತೇವೆ. ಕ್ಷಮೆ ಪಡೆದು ಹೊರಬರುವಾಗ ಆ ಕ್ರಿಯಾಪದಗಳು ಹಿಂದೆ ಉಳಿಯುತ್ತವೆ, ನಾವು ಹೊರಗೆ ಬರುತ್ತೇವೆ. ಹೊರಗೆ ಕಾದಿರುವ ಜನ ಅದೇ ಕ್ರಿಯಾಪದವನ್ನು ನಾಮಪದ ಮಾಡಿ ನಮ್ಮ ಬೆನ್ನಿಗೆ ಅಂಟಿಸಿದರೆ ಹೇಗೆ? ದೇವರು ಮರೆತದ್ದನ್ನು ಊರು ಮರೆಯದಿದ್ದರೆ ಹೇಗೆ?

ಕುಡಿತ ಬಿಡಲು ಬಯಸುವವರ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಬಳಗ 1935ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಅದರ ಸಭೆಗಳಲ್ಲಿ ಮಾತನಾಡಲು ಎದ್ದವರು ಮೊದಲು ತಮ್ಮ ಹೆಸರು ಹೇಳುತ್ತಾರೆ, ಆಮೇಲೆ ತಾವು ಮದ್ಯವ್ಯಸನಿ ಎನ್ನುತ್ತಾರೆ. ಮೊದಲು ಅಂಕಿತನಾಮ, ನಂತರ ಅನ್ವರ್ಥನಾಮ. ತಾನಾಗಿ ಹೇಳಿಕೊಂಡ ಅದೇ ಪದ ಅಲ್ಲಿ ಔಷಧವಾಗುತ್ತದೆ. ಬೀದಿಯಲ್ಲಿ ಇನ್ನೊಬ್ಬರು ಎಸೆದಾಗ ಕಲ್ಲಾಗುತ್ತದೆ.

ಸೆಮಿನರಿಯಲ್ಲಿ ನಮಗೆ ಅರಿಸ್ಟಾಟಲನ ತತ್ತ್ವಶಾಸ್ತ್ರ ಕಲಿಸಿದ ಗುರುಗಳು ಸೀಮೆಸುಣ್ಣದ ತುಂಡೊಂದನ್ನು ಎತ್ತಿ ಹಿಡಿದು, ‘ಬಿಳುಪು ಹೋದರೂ ಇದು ಇರುತ್ತದೆ, ಇದು ಹೋದರೆ ಬಿಳುಪು ಎಲ್ಲಿರುತ್ತದೆ?’ ಎನ್ನುತ್ತಿದ್ದರು. ವಸ್ತುವಿನ ಸತ್ತ್ವ ಬೇರೆ, ಅದರ ಮೇಲೆ ಬಂದು ಹೋಗುವ ಗುಣಗಳು ಬೇರೆ. ಪರಮಪ್ರಸಾದದ ರಹಸ್ಯವನ್ನು ವಿವರಿಸಲು ಸಂತ ಥಾಮಸ್ ಅಕ್ವಿನಾಸರು ಇದೇ ವಿಚಾರವನ್ನು ಬಳಸಿಕೊಂಡರು. ಕಣ್ಣಿಗೆ ಕಾಣುವುದು ರೊಟ್ಟಿಯ ಬಣ್ಣ, ರುಚಿ. ಇರುವುದು ಕ್ರಿಸ್ತರ ಶರೀರ. ಪ್ರಿಯರೇ, ಕಾಣುವುದಕ್ಕಿಂತ ಇರುವುದು ದೊಡ್ಡದೆಂದು ಪೀಠದ ಮುಂದೆ ಮೊಣಕಾಲೂರಿ ನಂಬುವ ನಾವು, ಪಕ್ಕದ ಬೆಂಚಿನಲ್ಲಿ ಕುಳಿತ ಮನುಷ್ಯನ ವಿಷಯದಲ್ಲಿ ಕಂಡದ್ದೇ ಎಲ್ಲ ಎಂದುಕೊಳ್ಳುವುದು ಸರಿಯೇ?

ನಮ್ಮ ಮನೆಯ ಅಂಗಳದಲ್ಲಿ

ದುಂದುಗಾರ ಮಗನ ಸಾಮತಿ ನಮಗೆಲ್ಲ ಗೊತ್ತು. ಹಂದಿಗಳ ನಡುವೆ ಕುಳಿತು ಅವನು ಒಂದು ಮಾತನ್ನು ಸಿದ್ಧಪಡಿಸಿಕೊಳ್ಳುತ್ತಾನೆ. ಮಗನೆಂದು ಕರೆಸಿಕೊಳ್ಳಲು ತಾನು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೊಂಡರೆ ಸಾಕು ಎಂದು. ತನ್ನ ನಾಮಪದವನ್ನು ತಾನೇ ಬದಲಿಸಿಕೊಳ್ಳಲು ಹೊರಟಿದ್ದಾನೆ. ಆದರೆ ತಂದೆ ಆ ಕೂಲಿಯ ಮಾತಿಗೆ ಅವಕಾಶವನ್ನೇ ಕೊಡುವುದಿಲ್ಲ. ಉಂಗುರ, ಕೆರ, ಅಂಗಿ ತರಿಸಿ ‘ಮಗ’ ಎಂಬ ಪದವನ್ನು ಮತ್ತೆ ಅವನಿಗೆ ತೊಡಿಸುತ್ತಾನೆ. ಹಿರಿಯ ಮಗನನ್ನು ನೋಡಿ. ಅವನು ‘ತಮ್ಮ’ ಎನ್ನುವುದಿಲ್ಲ, ತಂದೆಯ ಮಗನೆಂದು ದೂರದಿಂದ ಬೆರಳು ತೋರಿಸುತ್ತಾನೆ. ತಂದೆ ಸಿಟ್ಟಾಗದೆ, ಅವನು ನಿನ್ನ ತಮ್ಮನಲ್ಲವೇ ಎಂದು ಆ ಪದವನ್ನು ಮೆಲ್ಲನೆ ತಿದ್ದುತ್ತಾನೆ. ಒಂದು ಮನೆ ಒಡೆಯುವುದೂ ಕೂಡುವುದೂ ಇಂಥ ಒಂದೊಂದು ಪದದಿಂದ.

ನಮ್ಮ ಮನೆಗಳಲ್ಲಿ ಏನು ಕೇಳಿಬರುತ್ತದೆ? ಲೆಕ್ಕದಲ್ಲಿ ಕಡಿಮೆ ಅಂಕ ತಂದ ಮಗನಿಗೆ ‘ದಡ್ಡ’, ಬಣ್ಣ ಕಡಿಮೆಯಿರುವ ಮಗಳಿಗೆ ‘ಕರಿ’, ಮಕ್ಕಳಿಲ್ಲದ ಸೊಸೆಗೆ ‘ಬಂಜೆ’, ಹದಿನೈದು ವರ್ಷ ಪಾತ್ರೆ ತೊಳೆದ ಹೆಂಗಸಿಗೆ ‘ಕೆಲಸದವಳು’. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಆದರೆ ಇಂಥ ಮಾತು ಹೋಗುವುದಿಲ್ಲ, ಉಳಿಯುತ್ತದೆ. ದಿನವೂ ದಡ್ಡ ಎನಿಸಿಕೊಂಡ ಮಗು ಪುಸ್ತಕ ತೆರೆಯುವ ಮೊದಲೇ ಸೋತಿರುತ್ತದೆ.

ಇನ್ನೂ ನೋವಿನ ವಿಷಯವೊಂದಿದೆ. ಕ್ರಿಸ್ತರಲ್ಲಿ ಯೆಹೂದ್ಯ, ಗ್ರೀಕ, ದಾಸ, ಸ್ವತಂತ್ರ ಎಂಬ ಭೇದವಿಲ್ಲವೆಂದು ಸಂತ ಪೌಲರು ಬೋಧಿಸಿದರು. ಆದರೂ ಒಂದೇ ತೊಟ್ಟಿಯಲ್ಲಿ ಜ್ಞಾನಸ್ನಾನ ಪಡೆದವರನ್ನು ಇಂದಿಗೂ ಹಳೆಯ ಜಾತಿಯ ಹೆಸರಿನಿಂದ ಗುರುತಿಸುವ ನಾಲಿಗೆಗಳು ನಮ್ಮಲ್ಲಿವೆ. ಈ ಕಾರಣದಿಂದಲೇ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ದಲಿತರ ಸಬಲೀಕರಣಕ್ಕಾಗಿ ಒಂದು ನೀತಿಯನ್ನು ಪ್ರಕಟಿಸಬೇಕಾಯಿತು. ಮದುವೆ ಮಾ­ತುಕತೆಯಲ್ಲಿ, ಸಂಘದ ಚುನಾವಣೆಯಲ್ಲಿ ‘ಅವರು ಯಾರು?’ ಎಂದು ದನಿ ತಗ್ಗಿಸಿ ಕೇಳುವಾಗ ನಾವು ಕೇಳುತ್ತಿರುವುದು ಯಾವ ನಾಮವನ್ನು ಎಂದು ಒಮ್ಮೆ ಯೋಚಿಸೋಣ.

ಲೋಕದ ಕಾನೂನುಗಳೂ ನಿಧಾನವಾಗಿ ಈ ಪಾಠ ಕಲಿಯುತ್ತಿವೆ. ಕುಷ್ಠರೋಗಕ್ಕೆ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿಯೇ ಶಿಫಾರಸು ಮಾಡಿತು. ರೋಗ ಪೂರ್ತಿ ವಾಸಿಯಾಗತೊಡಗಿತು. ಆದರೂ ಕ್ರೈಸ್ತರಿಗೆ ಅನ್ವಯಿಸುವ ವಿಚ್ಛೇದನ ಕಾಯ್ದೆಯೂ ಸೇರಿದಂತೆ ಐದು ಕಾಯ್ದೆಗಳಿಂದ ಕುಷ್ಠರೋಗಿ ಸಂಗಾತಿಯ ವಿರುದ್ಧವಿದ್ದ ಮಾತನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ರೋಗ ಬಿಟ್ಟುಹೋದ ಮೇಲೂ ಪದ ಬಿಡಲಿಲ್ಲ! ‘ಅಂಗವಿಕಲ’ ಎಂಬುದು ‘ವಿಕಲಚೇತನ’ವಾಯಿತು, ಈಗ ‘ವಿಶೇಷಚೇತನ’ ಎನ್ನುತ್ತೇವೆ. ಒಳ್ಳೆಯದೇ. ಆದರೆ ಹೃದಯ ಬದಲಾಗದಿದ್ದರೆ ಹೊಸ ಪದವೂ ನಾಲ್ಕು ದಿನದಲ್ಲಿ ಹಳೆಯದರಂತೆ ಚುಚ್ಚುತ್ತದೆ. ಎಲ್ಲಕ್ಕಿಂತ ಒಳ್ಳೆಯ ಪದ ಆ ವ್ಯಕ್ತಿಯ ಹೆಸರು. ಅದನ್ನು ಸರಕಾರ ಕೊಡಲಾರದು, ನಾವು ಕೇಳಿ ತಿಳಿಯಬೇಕು.

ಈ ವಾರ ಮೂರು ಚಿಕ್ಕ ಕೆಲಸಗಳನ್ನು ಮಾಡೋಣ. ದಿನವೂ ಕಾಣುವ, ಆದರೆ ಹೆಸರು ತಿಳಿಯದ ಒಬ್ಬರ ಹೆಸರನ್ನು ಕೇಳಿ ತಿಳಿದುಕೊಳ್ಳೋಣ. ಹಾಲಿನವರು, ಕಸ ಒಯ್ಯುವವರು, ಆಟೋದವರು, ಯಾರೇ ಆಗಲಿ. ಮನೆಯಲ್ಲಿ ಯಾರಿಗಾದರೂ ಇಟ್ಟಿರುವ ನೋಯಿಸುವ ಅಡ್ಡಹೆಸರನ್ನು ಇಂದಿನಿಂದ ಬಿಡೋಣ. ಬಿಟ್ಟೆವೆಂದು ಅವರಿಗೆ ಹೇಳಿ ಕ್ಷಮೆಯನ್ನೂ ಕೇಳೋಣ. ರಾತ್ರಿಯ ಜಪಸರದ ನಂತರ ಮನೆಯವರ ಹೆಸರನ್ನು ಒಬ್ಬೊಬ್ಬರದಾಗಿ ಹೇಳಿ ದೇವರ ಕೈಗೆ ಒಪ್ಪಿಸೋಣ.

ತೋಟದಲ್ಲಿ ಕೇಳಿದ ಹೆಸರು

ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಾ ಬರಿದಾದ ಸಮಾಧಿಯ ಬಳಿ ಅಳುತ್ತಾ ನಿಂತಿದ್ದಾಳೆ. ತಿರುಗಿದಾಗ ಎದುರಿಗೆ ಒಬ್ಬರು ಕಾಣುತ್ತಾರೆ. ತೋಟಗಾರನೆಂದು ತಿಳಿಯುತ್ತಾಳೆ. ನೋಡಿ, ಎದುರಿಗೆ ನಿಂತ ಪ್ರಭುವಿಗೂ ನಾವು ಇಡುವುದು ಮೊದಲು ಒಂದು ಅನ್ವರ್ಥನಾಮವನ್ನೇ! ಪ್ರಭು ವಾದ ಮಾಡಲಿಲ್ಲ, ಗಾಯದ ಗುರುತು ತೋರಿಸಲಿಲ್ಲ. ಒಂದೇ ಪದ ನುಡಿದರು: ‘ಮರಿಯಾ.’ ಅಷ್ಟೇ ಸಾಕಾಯಿತು. ತನ್ನ ಹೆಸರನ್ನು ಕೇಳಿದ ಕ್ಷಣ ಅವಳಿಗೆ ಅವರ ಗುರುತು ಸಿಕ್ಕಿತು. ಒಳ್ಳೆಯ ಕುರಿಗಾಹಿ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆಂದು ಅವರು ಮೊದಲೇ ಹೇಳಿದ್ದರಲ್ಲವೇ?

ನಮಗೂ ಒಂದು ದಿನ ಆ ಕರೆ ಬರುತ್ತದೆ. ಅಂದು ನಮ್ಮನ್ನು ಹುದ್ದೆಯಿಂದಾಗಲಿ, ಊನದಿಂದಾಗಲಿ, ಮಾಡಿದ ತಪ್ಪಿನಿಂದಾಗಲಿ ಕರೆಯುವುದಿಲ್ಲ. ಆ ಅಜ್ಜಿಯನ್ನು ಈಗಾಗಲೇ ಹಾಗೆ ಕರೆದಿರುತ್ತಾರೆಂದು ನನ್ನ ವಿಶ್ವಾಸ. ಆ ವರ್ಷದ ನವೆಂಬರ್ 2ರಂದು, ಸರ್ವ ಮೃತರ ಸ್ಮರಣೆಯ ಪೂಜೆಯಲ್ಲಿ, ಹೆಸರುಗಳ ಪಟ್ಟಿಯಲ್ಲಿ ನಾನು ಮೊದಲು ಓದಿದ್ದು ಅವರ ಹೆಸರನ್ನೇ. ಜನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಇವರು ಯಾರು ಎಂದು. ಆಮೇಲೆ ಹಿಂದಿನ ಬೆಂಚಿನಿಂದ ಆ ಮೇಸ್ತ್ರಿ ಎಲ್ಲರಿಗೂ ಕೇಳುವಂತೆ ‘ಆಮೆನ್’ ಎಂದರು.

ಪ್ರಾರ್ಥಿಸೋಣ: ಪ್ರಭುವೇ, ನಾವು ಹುಟ್ಟುವ ಮೊದಲೇ ನಮ್ಮನ್ನು ಅರಿತವರು ನೀವು. ನಾವು ಇತರರಿಗೆ ಅಂಟಿಸಿದ ಚೀಟಿಗಳನ್ನು ಕಿತ್ತುಹಾಕುವ ಧೈರ್ಯವನ್ನೂ, ನಮಗೆ ಅಂಟಿದವುಗಳನ್ನು ಮರೆಯುವ ಸಮಾಧಾನವನ್ನೂ ಕೊಡಿ. ನಮ್ಮ ಬಾಗಿಲಲ್ಲಿ ಕುಳಿತವರ ಹೆಸರನ್ನು, ಅವರು ಎದ್ದುಹೋಗುವ ಮೊದಲೇ ಕೇಳುವಂತೆ ಮಾಡಿ. ಆಮೆನ್.